ಇಪ್ಪತ್ತರ ತೋಟಾ

ಅಣ್ಣ ರೇಮೋಂ ಉಚ್ಚೆ ಹೊಯ್ಯಲು ಹೊರಗೆ ಹೋದದ್ದೇ ತಡ, ಒದಿಲ್ ಮೊಳೆಗೆ ತೂಗುಹಾಕಿದ್ದ ಅವನ ಕೋಟಿನ ಬಲಜೇಬಿಗೆ ಕೈಹಾಕಿ ಒಂದು ತೋಟಾ ಬಿಟ್ಟಳು. ಜೇಬಿನಲ್ಲಿದ್ದವೆಲ್ಲ ಹನ್ನೆರಡು ಬೋರಿನವು, ಕೆಂಪು ಬಣ್ಣದವು. ಇವಳು ಬಿಟ್ಟದ್ದು ಇಪ್ಪತ್ತು ಬೋರಿನದು. ಅದೂ ಕೆಂಪೇ. ಕೈ ಹೊರಗೆ ತೆಗೆದಾಗ ಬೆರಳಿಗೆ ಬ್ರೆಡ್ಡಿನ ಚೂರು, ತಂಬಾಕಿನ ಪುಡಿ ಅಂಟಿತ್ತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ದಾರಗಳ ಮುಂದೆ ಹೋಗಿ ಕೂತಳು.

ಅಟ್ಟಣೆಯ ಮೇಲೆ ನಿಂತಿದ್ದ ಮುದುಕ ಫೆರ್ನಾಂ ಏನನ್ನೂ ನೋಡಲಿಲ್ಲ. ಅಕ್ಟೋಬರ್ ಬಂತೆಂದರೆ ಅವನು ಆಕಾಶ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಉತ್ತರದಿಂದ ಕಾಡುಪಾರಿವಾಳಗಳು ಇಳಿಯುವ ಈ ಕೆಲವು ವಾರ ಗಾಸ್ಕನಿ ಸೀಮೆಯ ಗಂಡಸರು ಹೆಂಡತಿ, ಮಕ್ಕಳು, ಹಲ್ಲುನೋವು ಎಲ್ಲವನ್ನೂ ಮರೆತು ಪೈನ್ ಕಾಡಿನೊಳಗೆ ಜರಿಗಿಡ ಹೊದಿಸಿದ ಹೊಂಚುಗುಡಿಸಲಲ್ಲಿ ಬಿದ್ದಿರುತ್ತಾರೆ. ಮರದ ತುದಿಗಳಲ್ಲಿ ಸಾಕಿದ ಕರೆಹಕ್ಕಿಗಳನ್ನು ಕಟ್ಟಿ, ಕೆಳಗಿನಿಂದ ದಾರ ಎಳೆದು ಅವು ರೆಕ್ಕೆ ಬಡಿಯುವಂತೆ ಮಾಡುತ್ತಾರೆ. ಮೇಲೆ ಹೋಗುವ ಹಿಂಡು ಅದನ್ನು ಕಂಡು ನಂಬಿ ಇಳಿಯುತ್ತದೆ. ಹಿಂಡು ಕೂತ ಮೇಲೆ ಗುಡಿಸಲಿನೊಳಗೆ ಯಾರೂ ಉಸಿರೆತ್ತುವಂತಿಲ್ಲ. ಹಿಂದೊಮ್ಮೆ ಹಿಂಡು ಕೂತಿದ್ದಾಗ ಕಣಜ ಅಂಗಿಯೊಳಗೆ ಹೊಕ್ಕು ಕಚ್ಚಿದರೂ ಫೆರ್ನಾಂ ತುಟಿ ಎರಡು ಮಾಡಿರಲಿಲ್ಲ. ಆ ಗುಡಿಸಲಿನಲ್ಲಿ ದೊಡ್ಡ ಪಾಪ ಅಂತ ಇರುವುದು ಒಂದೇ, ಸದ್ದು ಮಾಡುವುದು.

ಬೋರಿನ ಲೆಕ್ಕ ತಲೆಕೆಳಗು. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣದು. ಇಪ್ಪತ್ತರ ತೋಟಾವನ್ನು ಹನ್ನೆರಡರ ಕೋವಿಗೆ ಹಾಕಿದರೆ ಅದು ಹಿಂಬದಿಯ ಬಾಯಲ್ಲಿ ನಿಲ್ಲದೆ ಒಳಗೆ ಜಾರಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಟಕ್ ಅನ್ನುತ್ತದೆ, ಅಷ್ಟೆ. ತೆರೆದು ನೋಡಿದರೆ ಬಾಯಿ ಖಾಲಿ. ತುಂಬಿಸಲು ಮರೆತೆ ಅಂದುಕೊಂಡು ಅವಸರದಲ್ಲಿ ಇನ್ನೊಂದು ತುರುಕಿ ಹೊಡೆದನೋ, ನಳಿಗೆ ಸಿಡಿಯುತ್ತದೆ, ಎಡಗೈ ಹೋಗುತ್ತದೆ, ಕೆಲವೊಮ್ಮೆ ಕಣ್ಣೂ. ಅದಕ್ಕೇ ಅಂಗಡಿಯ ಇಪ್ಪತ್ತಕ್ಕೆ ಹಳದಿ ಬಣ್ಣ. ಒದಿಲ್‌ಳ ಅಪ್ಪ ಓನೊರೆ ಅಂಗಡಿಯದನ್ನು ಮುಟ್ಟುತ್ತಿರಲಿಲ್ಲ. ಹಳೆಯ ಕೆಂಪು ಕಾಗದದ ಕೊಳವೆಗೆ ತಾನೇ ಮದ್ದು, ಚರೆ ತುಂಬಿ, ಮೇಣ ಸವರಿ ಒಣಗಿಸುತ್ತಿದ್ದ.

ಅವನು ಸತ್ತ ಮೇಲೆ ಕೊನೆಗೆ ಇವಳ ಪಾಲಿಗೆ ಉಳಿದದ್ದು ಒಂದು ಪೆಟ್ಟಿಗೆ ತೋಟಾ ಮಾತ್ರ. ಕೋವಿ ಉಳಿಯಲಿಲ್ಲ.

ಅದು ಜೋಡು ನಳಿಗೆಯ ಸಣ್ಣ ಕೋವಿ, ಹಿಡಿಕೆ ಆಕ್ರೋಟ್ ಮರದ್ದು. ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪ ಅದನ್ನು ಅವಳ ಕೈಗೆ ಕೊಟ್ಟು, "ಹನ್ನೆರಡು ಕೂಗತ್ತೆ ಮಗಳೇ, ಇಪ್ಪತ್ತು ಮಾತಾಡತ್ತೆ. ಹಕ್ಕಿಗೆ ಎರಡೂ ಕೇಳಿಸತ್ತೆ" ಅಂದಿದ್ದ. ಊರಿನವರು ಹೆಂಗಸರ ಕೋವಿ ಎಂದು ಆಡಿಕೊಂಡರು. ಆಡಿಕೊಂಡವರಿಗಿಂತ ಹೆಚ್ಚು ಹಕ್ಕಿಗಳನ್ನು ಇವಳು ಇಳಿಸಿದ ಮೇಲೆ ಬಾಯಿ ಮುಚ್ಚಿಕೊಂಡರು. ಯಾಕೆ ಇದೇ ಬೇಕು ಎಂದು ಯಾರಾದರೂ ಕೇಳಿದರೆ ಹಗುರ ಅನ್ನುತ್ತಿದ್ದಳು. ಅದು ಕೇಳಿದವರ ಬಾಯಿ ಮುಚ್ಚಿಸಲು ಹೇಳುತ್ತಿದ್ದ ಮಾತು. ನಿಜವೇನೆಂದರೆ ಅವಳ ಭುಜ, ಕೆನ್ನೆ, ಎಡಗೈಯ ಅಳತೆ ಎಲ್ಲ ಆ ಕೋವಿಯ ಜೊತೆಗೇ ಬೆಳೆದಿತ್ತು. ಬೇರೆಯವರ ಹನ್ನೆರಡನ್ನು ಎತ್ತಿದಾಗಲೆಲ್ಲ ಇನ್ನೊಬ್ಬಳ ಚಪ್ಪಲಿ ಮೆಟ್ಟಿದ ಹಾಗಾಗುತ್ತಿತ್ತು.

ಅಪ್ಪ ಹೋದ ಮೇಲೆ ಕೋವಿ ಅಣ್ಣನ ಮನೆಯಲ್ಲಿತ್ತು. ಬೀಗದ ಕಬ್ಬಿಣದ ಕಪಾಟು ಇದ್ದದ್ದು ಅಲ್ಲೇ. ಕಳೆದ ನವೆಂಬರಿನಲ್ಲಿ ಸರ್ಕಾರ, ದಾಖಲೆಯಿಲ್ಲದ ಹಳೆಯ ಕೋವಿಗಳನ್ನು ತಂದೊಪ್ಪಿಸಿ, ಏನೂ ಕೇಳುವುದಿಲ್ಲ ಎಂದು ಸಾರಿತು. ಒಪ್ಪಿಸಿದ್ದೆಲ್ಲ ನುಗ್ಗುಮಾಡುವ ಯಂತ್ರಕ್ಕೆ. ರೇಮೋಂ ಒಂದು ಮಾತೂ ಕೇಳದೆ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಕೊಟ್ಟು ಬಂದ. ಕ್ರಿಸ್ಮಸ್ ಊಟದ ಹೊತ್ತಿಗೆ, ಬಾತುಕೋಳಿಯ ತೊಡೆ ಹರಿಯುತ್ತಾ, "ಆ ತುಕ್ಕು ಕೋವಿ ಕೊಟ್ಬಿಟ್ಟೆ. ನನ್ನ ಲೈಸೆನ್ಸಿಗೆ ಕುತ್ತು ಬರ್ತಿತ್ತು" ಅಂದ. ಒದಿಲ್ ಮೇಜಿನಿಂದ ಎದ್ದಳು. ತಟ್ಟೆ ತೊಳೆದು ಮನೆಗೆ ಹೋದಳು. ಅಂದಿನಿಂದ ಹೊಟ್ಟೆಯೊಳಗಿನ ಕೆಂಡ ಒಂದು ದಿನವೂ ಆರಿರಲಿಲ್ಲ. ತನ್ನ ಕೋವಿಗೆ ಬದಲು ಅವನ ಕೈ ಹೋಗಬೇಕು, ಅವನೂ ಕೋವಿ ಎತ್ತಲಾರದವನಾಗಬೇಕು ಎಂದು ಅವಳು ಪೂಜೆಯ ಹೊತ್ತಿನಲ್ಲಿ ಇಗರ್ಜಿಯಲ್ಲೇ ಕೂತು ಯೋಚಿಸಿದ್ದುಂಟು.

"ನನ್ನ ಹಳೇ ಹನ್ನೆರಡು ಇದೆ, ತಗೋಳೇ" ಎಂದು ಈ ಸಲ ರೇಮೋಂ ಕರೆದಿದ್ದ. "ಬೇಡ. ದಾರ ಎಳೀತೀನಿ" ಅಂದಿದ್ದಳು.

ರೇಮೋಂ ಜರಿಗಿಡದ ಸುರಂಗದಲ್ಲಿ ಬಗ್ಗಿಕೊಂಡು ಒಳಗೆ ಬಂದ. "ಅಬ್ಬಾ, ಏನ್ ಚಳಿ! ಹೊಯ್ಯೋಕೆ ಅಂತ ತೆಗೆದ್ರೆ ಅದೇ ಒಳಗೆ ಓಡ್ತು."

"ನಿನ್ನದು ಮೊದಲಿಂದ್ಲೂ ಹೆದರುಪುಕ್ಕಲೇ ಬಿಡು" ಎಂದ ಫೆರ್ನಾಂ ಮೇಲಿನಿಂದ. "ಕೋಟು ಹಾಕ್ಕೊ. ಗಾಳಿ ತಿರುಗಿದೆ. ಬರ್ತವೆ."

ರೇಮೋಂ ಕೋಟು ತೊಟ್ಟು ಜೇಬಿಗೆ ಕೈ ಬಿಟ್ಟ. ಅವಳಿಗೆ ಬೆನ್ನು ಹಾಕಿ, ಕೋವಿಯನ್ನು ಕೀಲಿನಲ್ಲಿ ಮಡಿಸಿ ತೆರೆದು ತೋಟಾ ತುಂಬಿ ಮುಚ್ಚಿದ. ಒಳಗೆ ಕತ್ತಲು. ಯಾವುದು ಹೋಯಿತೆಂದು ಅವಳಿಗೆ ಕಾಣಲಿಲ್ಲ.

ಒಂದು ಸಣ್ಣ ಹಿಂಡು ಬಂತು. ಒದಿಲ್ ದಾರ ಎಳೆದಳು. ಕರೆಹಕ್ಕಿ ರೆಕ್ಕೆ ಬಡಿಯಿತು, ಏಳೆಂಟು ಪಾರಿವಾಳ ಇಳಿದು ಓಕ್ ಕೊಂಬೆಯಲ್ಲಿ ಕೂತವು. ಫೆರ್ನಾಂ ಕೆಳಗಿಳಿದು ಬಂದ, ಗಂಡಸರಿಬ್ಬರೂ ಕಿಂಡಿಗೆ ನಳಿಗೆ ಇಟ್ಟರು. ಫೆರ್ನಾಂ ಪಿಸುದನಿಯಲ್ಲಿ ಎಣಿಸಿದ. ಮೂರು ಅಂದಾಗ ಎರಡೂ ಕೋವಿ ಒಟ್ಟಿಗೇ ಹಾರಬೇಕು. ಹಾರಿದ್ದು ಫೆರ್ನಾಂನದು ಮಾತ್ರ. ರೇಮೋಂನ ಕೋವಿಯಿಂದ ಟಕ್ ಎಂದು ಒಣ ಸದ್ದು ಬಂತು.

"ಏನಯ್ಯಾ, ತುಂಬಿಸೋದನ್ನೇ ಮರೆತ್ಯಾ? ಮದುವೆ ರಾತ್ರೀನೂ ಹೀಗೇ ಮಾಡಿದ್ಯಂತೆ!" ಫೆರ್ನಾಂ ನಕ್ಕ.

"ವಯಸ್ಸಾಯ್ತು" ಎಂದ ರೇಮೋಂ. ಕೋವಿ ತೆರೆದು ನೋಡಿ, ಮತ್ತೊಂದು ತೋಟಾ ತುರುಕಿ ಮುಚ್ಚಿದ.

ಒದಿಲ್ ಅವನ ಕೋವಿಯನ್ನೇ ನೋಡಿದಳು. ಕೂತಿದೆ ಒಳಗೆ. ಗಂಟಲಲ್ಲಿ ಕೂತಿದೆ. ಇನ್ನು ಒಂದೇ ಈಡು. ಇದಕ್ಕಾಗಿಯೇ ತಾನೆ ಹತ್ತು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದದ್ದು? ಖುಷಿಯಾಯಿತು. ಹೌದು, ಖುಷಿಯೇ. ಬಾಯಲ್ಲಿ ಸಿಹಿ ಬಂದ ಹಾಗಾಯಿತು.

ಮಧ್ಯಾಹ್ನ ಊಟದ ಹೊತ್ತು. ಅವಳೇ ಬೆಳ್ಳುಳ್ಳಿ ಸೂಪು ಬಿಸಿ ಮಾಡಿದಳು, ಬಾತಿನ ಕೊಬ್ಬಿನಲ್ಲಿ ಆಲೂಗಡ್ಡೆ ಹುರಿದಳು. ರೇಮೋಂನ ಬಟ್ಟಲಿಗೆ ಎರಡು ಸೌಟು ಹೆಚ್ಚೇ ಬಡಿಸಿದಳು. ಅವನು ಎಡಗೈಯಲ್ಲಿ ಬ್ರೆಡ್ಡು ಹಿಡಿದು ಸೂಪಿನಲ್ಲಿ ಅದ್ದಿ ತಿನ್ನುತ್ತಿದ್ದ. ಅವಳಿಗೆ ಆ ಕೈಯಿಂದ ಕಣ್ಣು ತೆಗೆಯಲಾಗಲಿಲ್ಲ. ಹೆಬ್ಬೆರಳ ಉಗುರು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೀಳಿತ್ತು, ಹಾಗೇ ಬೆಳೆದಿತ್ತು. ಬಾಗಿಲು ಹಾಕಿದ್ದು ಅವಳೇ.

"ಉಪ್ಪು ಸರಿ ಇದ್ಯಾ?" ಎಂದು ಕೇಳಿದಳು.

"ಸರಿ ಇದೆ" ಎಂದ. ಅವಳ ಮುಖವನ್ನೇ ನೋಡುತ್ತಿದ್ದ. "ಬೇರೇನಾದ್ರೂ ಹೇಳೋದಿದ್ಯಾ?"

"ಏನಿರತ್ತೆ? ತಿನ್ನು."

ಅಷ್ಟರಲ್ಲಿ ಅಟ್ಟಣೆಯ ಮೇಲೆಯೇ ಉಣ್ಣುತ್ತಿದ್ದ ಫೆರ್ನಾಂ ನಾಲಿಗೆಯಲ್ಲಿ ಸಣ್ಣಗೆ ಸದ್ದು ಮಾಡಿದ. ಮೂವರೂ ಚಮಚ ಕೆಳಗಿಟ್ಟರು. ಕಿಂಡಿಯಲ್ಲಿ ನೋಡಿದರೆ ಆಕಾಶದ ಒಂದು ಮೂಲೆ ನೀಲಿಗಪ್ಪಾಗಿ ಅಲುಗುತ್ತಿತ್ತು. ಇಷ್ಟು ದೊಡ್ಡ ಹಿಂಡು ಬಂದು ಎಷ್ಟೋ ವರ್ಷವಾಗಿತ್ತು. ಒದಿಲ್ ಒಂದು ದಾರ ಎಳೆದಳು, ಬಿಟ್ಟಳು, ಇನ್ನೊಂದನ್ನು ಎಳೆದಳು. ಹಿಂಡು ಒಂದು ಸುತ್ತು ಹಾಕಿತು. ಮುಂದಿದ್ದ ಕೆಲವು ಇಳಿದವು. ಆಮೇಲೆ ಉಳಿದವು ಎಲ್ಲಾ ಒಟ್ಟಿಗೆ ಸುರಿದು, ಓಕ್ ಕೊಂಬೆಗಳು ಭಾರಕ್ಕೆ ಬಾಗಿದವು.

ಉಸಿರು ಕೂಡ ಕೇಳಿಸುವಷ್ಟು ಮೌನ. ಫೆರ್ನಾಂ ಕೆಳಗಿಳಿದು ತನ್ನ ಕಿಂಡಿಗೆ ಬಂದ. ರೇಮೋಂ ಕೋವಿ ಎತ್ತಿ ಕೆನ್ನೆಗಿಟ್ಟ. ಎಡಗೈ ನಳಿಗೆಯ ಕೆಳಗೆ ಮುಂದಕ್ಕೆ ಜಾರಿ, ಸಿಡಿದರೆ ಎಲ್ಲಿ ಸಿಡಿಯುತ್ತದೋ ಸರಿಯಾಗಿ ಅಲ್ಲೇ ನಿಂತಿತು. ಸೀಳಿದ ಉಗುರು ಅವಳ ಕಡೆಗಿತ್ತು.

"ಒಂದು" ಎಂದಿತು ಫೆರ್ನಾಂನ ಪಿಸುದನಿ.

ಸುಮ್ಮನಿರು, ಎಂದುಕೊಂಡಳು. ಸುಮ್ಮನಿದ್ದರಾಯಿತು. ಇಲ್ಲಿ ಎಲ್ಲರೂ ಸುಮ್ಮನೇ ಇರಬೇಕು ತಾನೆ. ಕೋವಿ ಒಡೆಯಿತು, ಹಳೇ ತೋಟಾ ಹೇಗೋ ಬೆರೆತಿತ್ತು ಅಂತಾರೆ. ಮಾಡಿದ್ದುಣ್ಣೋ ಮಹಾರಾಯ.

"ಎರಡು—"

"ಹೊಡೀಬೇಡ್ವೋ! ನಳಿಗೇಲಿ ಇಪ್ಪತ್ತಿದೆ! ಹೊಡೀಬೇಡ!"

ಕಾಡಿಗೆ ಕಾಡೇ ಎದ್ದಿತು. ರೆಕ್ಕೆಗಳ ಸದ್ದಿಗೆ ಗುಡಿಸಲಿನ ಒಣಜರಿ ಉದುರಿತು. ಸದ್ದು ಅಡಗಿದಾಗ ಕೊಂಬೆಗಳೆಲ್ಲ ಖಾಲಿ, ಕಟ್ಟಿದ ಕರೆಹಕ್ಕಿಗಳು ಮಾತ್ರ ಇದ್ದವು.

"ನಿನ್ನ ಬಾಯಿಗೆ ಮಣ್ಣು ಹಾಕ!" ಫೆರ್ನಾಂ ಚೀರಿದ. "ಇನ್ನು ನಾನೆಷ್ಟು ಅಕ್ಟೋಬರ್ ನೋಡ್ತೀನೇ? ಕೈಗೆ ಬಂದದ್ದನ್ನ..." ಆಮೇಲೆ ಅವಳು ಕೂಗಿದ್ದೇನೆಂದು ಅರ್ಥವಾಗಿ ಅಲ್ಲಿಗೇ ನಿಲ್ಲಿಸಿದ. "ಇಪ್ಪತ್ತಾ? ಇವನ ಕೋವೀಲಿ ಇಪ್ಪತ್ತು ಎಲ್ಲಿಂದ ಬರತ್ತೆ?"

ರೇಮೋಂ ಆತುರ ಮಾಡಲಿಲ್ಲ. ಕೋವಿ ಮಡಿಸಿ ತೆರೆದು ತೋಟಾ ಎರಡನ್ನೂ ಹೊರಗೆ ತೆಗೆದ. ನಳಿಗೆಗಳನ್ನು ಕಿಂಡಿಯ ಬೆಳಕಿಗೆ ಎತ್ತಿ ತಂಗಿಯ ಮುಖದ ಮುಂದೆ ಹಿಡಿದ. ಎರಡರ ಆಚೆಗೂ ಆಕಾಶ ಸ್ವಚ್ಛವಾಗಿ ಕಾಣುತ್ತಿತ್ತು. ಆಮೇಲೆ ಅಂಗಿಯ ಜೇಬಿನಿಂದ ಕೆಂಪು ಕಾಗದದ ಸಣ್ಣ ತೋಟಾ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ಇದಾ?"

ಅವಳು ಆ ಕೆಂಪು ಕಾಗದವನ್ನೇ ನೋಡಿದಳು.

"ಜೇಬಿಗೆ ಕೈ ಬಿಟ್ಟ ತಕ್ಷಣ ಗೊತ್ತಾಯ್ತು ಕಣೇ. ನಲವತ್ತು ವರ್ಷ ಹನ್ನೆರಡನ್ನೇ ಹಿಡಿದ ಕೈ ಇದು. ಕತ್ತಲಲ್ಲಿ ಹೆಂಡತಿ ಗುರುತು ತಪ್ಪಬಹುದು, ಇದರ ಗುರುತು ತಪ್ಪಲ್ಲ. ನಿನಗೊಬ್ಬಳಿಗೇ ಅಂದ್ಕೊಂಡ್ಯಾ ಈ ಹುಚ್ಚು?"

ಹಾಗೇ ಅಂದುಕೊಂಡಿದ್ದಳು. ಬೋರಿನ ಮೋಹ ತನ್ನೊಬ್ಬಳ ಸ್ವತ್ತೆಂದು, ಅಣ್ಣನ ಕೈಗೆ ಏನೂ ಗೊತ್ತಾಗದೆಂದು. ಬೇಟೆಗಾರ್ತಿಯಾಗಿ ಅವಳು ಜೀವಮಾನದಲ್ಲಿ ಮಾಡಿದ ದಡ್ಡತನದ ತಪ್ಪು ಇದೊಂದೇ.

"ಹಾಗಾದ್ರೆ ಆ ಟಕ್?"

"ಬೇಕಂತಲೇ ಒಂದು ನಳಿಗೆ ಖಾಲಿ ಬಿಟ್ಟಿದ್ದೆ. ಬಾಯಿ ಬಿಡ್ತೀಯೋ ಇಲ್ವೋ ನೋಡೋಣ ಅಂತ. ಬಿಡ್ಲಿಲ್ಲ. ಸೂಪು ಬಡಿಸ್ದೆ. ಉಪ್ಪು ಸರಿ ಇದ್ಯಾ ಅಂತ ಬೇರೆ ಕೇಳ್ದೆ."

ಫೆರ್ನಾಂ ಟೋಪಿ ತೆಗೆದು ಬೆಂಚಿನ ಮೇಲೆ ಕುಸಿದ. "ನೀನು ಹಾಕಿದ್ಯಾ ಇದನ್ನ? ನೀನು?"

"ನಾನೇ" ಎಂದಳು ಒದಿಲ್. ಮುದುಕನ ಕಡೆ ನೋಡಲಿಲ್ಲ. "ಆದ್ರೆ ಕೂಗಿದ್ನಲ್ಲ, ರೇಮೋಂ."

"ಎರಡು ಅಂದ್ಮೇಲೆ."

"ಕೋವಿ ಯಾಕೆ ಕೊಟ್ಟೆ? ಲೈಸೆನ್ಸು ಗಿಯ್ಸೆನ್ಸು ಅಂತ ಕತೆ ಹೇಳ್ಬೇಡ."

ಅವನು ತೋಟಾವನ್ನು ಹೆಬ್ಬೆರಳಿನಿಂದ ಉರುಳಿಸಿದ. "ಆ ಕೋವೀಲಿ ಒಂದೇ ಒಂದು ಈಡು ಹೊಡೀತೀನಿ ಕೊಡು ಅಂತ ಅಪ್ಪನ್ನ ಕೇಳಿದ್ದೆ. ನಿನ್ನ ಕೈ ಹಾರೆಗೆ ಲಾಯಕ್ಕು, ಇದಕ್ಕಲ್ಲ ಅಂದ. ಎಲ್ಲರ ಎದುರಿಗೆ. ಕೋವಿ ನಿನ್ನ ಭುಜದ ಮೇಲಿತ್ತು. ನೀನು ನಕ್ಕೆ."

"ಹೌದು, ನಕ್ಕೆ."

"ಆ ಯಂತ್ರ ಅದನ್ನ ಅಗಿಯೋದನ್ನ ನಿಂತು ನೋಡ್ಬೇಕು ಅಂತಿದ್ದೆ. ಒಳಗೆ ಬಿಡಲ್ಲ ಅಂದ್ರು."

ಒದಿಲ್ ಎದ್ದಳು. ಸಿಟ್ಟು ಇದ್ದಲ್ಲೇ ಇತ್ತು, ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಿರಲಿಲ್ಲ. ಅದು ಅವಳಿಗೇ ಆಶ್ಚರ್ಯ. "ಕೇಳು. ಕೈ ಉಳೀಲಿ ಅಂತ ಕೂಗ್ದೆ. ಕ್ಷಮಿಸಿದೀನಿ ಅಂದ್ಕೋಬೇಡ."

"ನಾನೂ ಕ್ಷಮಿಸಿಲ್ಲ."

"ಅದನ್ನ ಕೊಡು." ಕೈ ಚಾಚಿದಳು. "ಅಪ್ಪ ತುಂಬಿದ್ದು."

"ನನ್ನ ಜೇಬಿಗೆ ನೀನೇ ಹಾಕಿದ್ದು" ಎಂದ ರೇಮೋಂ. ತೋಟಾವನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದು, ಮತ್ತೆ ಅಂಗಿಯ ಜೇಬಿಗೇ ಇಳಿಸಿ ಗುಂಡಿ ಹಾಕಿದ. "ಅವನಿಂದ ನನಗೆ ಸಿಕ್ಕಿದ್ದು ಇದೊಂದೇ. ಕೊಡಲ್ಲ."

"ಸಾಕು ಮಾಡ್ರೋ" ಎಂದ ಫೆರ್ನಾಂ. ಅವನ ಮಾತು ಇಬ್ಬರಿಗೂ ಬೇಕಿರಲಿಲ್ಲ.

ಅವಳು ದಾರಗಳನ್ನು ಗೂಟಕ್ಕೆ ಬಿಗಿದು, ಚೀಲ ಹೆಗಲಿಗೆ ಹಾಕಿ, ಸುರಂಗದೊಳಗೆ ಬಗ್ಗಿದಳು. ಕಾಡಿನ ದಾರಿಯವರೆಗೂ ಅದು ಉದ್ದಕ್ಕೆ, ನೇರಕ್ಕೆ, ಹಕ್ಕಿಗೆ ಮನುಷ್ಯ ಕಾಣದಂತೆ ತಗ್ಗಾಗಿ ಕಟ್ಟಿದ ಹಾದಿ. ಸ್ವಲ್ಪ ದೂರ ಹೋಗಿರಬಹುದು. ಹಿಂದೆ ರೇಮೋಂ ಇದ್ದ ಕಡೆಯಿಂದ ತೋಟಾ ಒಂದೊಂದಾಗಿ ನಳಿಗೆಗೆ ಇಳಿಯುವುದು ಕೇಳಿಸಿತು, ಆಮೇಲೆ ಕೋವಿ ಮುಚ್ಚಿದ ಸದ್ದು. ಒದಿಲ್ ತಿರುಗಿ ನೋಡಲಿಲ್ಲ, ಬಿರಬಿರನೆ ಹೆಜ್ಜೆಯನ್ನೂ ಹಾಕಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಡೆಯಬೇಕೆನಿಸಿತು. ಆದರೆ ಅಲ್ಲಿ ಅಷ್ಟು ಎತ್ತರ ಇರಲಿಲ್ಲ.