ಮೂರು ಸಲ ಕೇಳುವವನು

ಪುಟ್ಟಸ್ವಾಮಿ ಯಾವ ಪ್ರಶ್ನೆಯನ್ನೂ ಮೂರು ಸಲ ಕೇಳದೆ ಉತ್ತರವನ್ನು ನಂಬಿದವನಲ್ಲ. ಮೈಸೂರು ಬಿಟ್ಟು ಈ ದೇಶಕ್ಕೆ ಬಂದ ಮೂವತ್ತು ವರ್ಷದಿಂದ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಒಂದೇ ಗುಂಡಿಯನ್ನು ಮೂರು ಸಲ ಒತ್ತಬೇಕು, ಮೂರನೆಯ ಸಲವೇ ಕಳ್ಳ ಸಿಕ್ಕಿಬೀಳುವುದು ಎಂಬುದು ಅವನ ಅನುಭವ. ಆಫೀಸಿನಲ್ಲಿ ಈ ಗುಣಕ್ಕೆ ಸಂಬಳ ಕೊಡುತ್ತಿದ್ದರು. ಬ್ರ್ಯಾಂಪ್ಟನ್ನಿನ ಮನೆಯಲ್ಲಿ ಹೆಂಡತಿ ವಾಸಂತಿ ಅದಕ್ಕೆ ಅನುಮಾನದ ಪಿಶಾಚಿ ಎಂದು ಹೆಸರಿಟ್ಟಿದ್ದಳು. ಡಾಲರಿಗೆ ಮೂರು ಕಟ್ಟು ಕೊತ್ತಂಬರಿ ಎಂದರೆ ಅಂಗಡಿಯವನ ಎದುರೇ ಕಟ್ಟು ಬಿಚ್ಚಿ, ನಡುವೆ ಏನು ಕೊಳೆತಿದೆ ಎಂದು ನೋಡುವ ಆಸಾಮಿ ಅವನು.

ಅಂಥವನ ಮುಂದೆ ಮಗಳು ನಿಶಿತಾ ಮಾರ್ಚ್ ತಿಂಗಳ ಒಂದು ಭಾನುವಾರ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಒಂದು ಕಾಗದ ಇಟ್ಟಳು. ಅವಳ ಡಾಕ್ಟರಿಕೆಯ ತರಬೇತಿ ಜೂನಿಗೆ ಮುಗಿಯುವುದಿತ್ತು.

"ಅಪ್ಪಾ, ಇದು ಗುಡ್ ನ್ಯೂಸ್. ಡಾಕ್ಟರ್ಸ್ ಸಿಗದೇ ಇರೋ ಚಿಕ್ಕ ಟೌನಲ್ಲಿ ಐದು ವರ್ಷ ಕೆಲ್ಸ ಮಾಡಿದ್ರೆ ನನ್ನ ಸ್ಟೂಡೆಂಟ್ ಲೋನ್‌ನ ಗವರ್ನಮೆಂಟೇ ಫರ್ಗಿವ್ ಮಾಡತ್ತೆ. ವರ್ಷಕ್ಕೆ ಇಷ್ಟು ಅಂತ. ಸ್ಪ್ರೂಸ್ ಲ್ಯಾಂಡಿಂಗ್‌ನಲ್ಲಿ ಜಾಬ್ ಇದೆ."

ಸ್ಪ್ರೂಸ್ ಲ್ಯಾಂಡಿಂಗ್ ಎಂದರೆ ಉತ್ತರದಲ್ಲಿ, ಕಾರಿನಲ್ಲಿ ಹನ್ನೊಂದು ಗಂಟೆಯ ದಾರಿ. ಹೋದ ವರ್ಷ ಅವಳು ತರಬೇತಿಗೆಂದು ಆರು ವಾರ ಅಲ್ಲಿದ್ದು ಬಂದಿದ್ದಳು. ಸಾಲಮನ್ನಾ ಎಂಬ ಮಾತನ್ನು ಪುಟ್ಟಸ್ವಾಮಿ ಊರಿನಲ್ಲಿ ಚುನಾವಣೆ ಹತ್ತಿರ ಬಂದಾಗ ಮಾತ್ರ ಕೇಳಿದ್ದ. ಅವನು ಕಾಗದವನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.

"ಯಾರೂ ಸುಮ್‌ಸುಮ್ನೆ ಸಾಲ ಬಿಡಲ್ಲ ಪುಟ್ಟಿ. ಬೆಳ್ಳಗಿರೋದೆಲ್ಲ ಹಾಲಲ್ಲ. ಡಾಕ್ಟ್ರು ಬೇಕು ಅಂದ್ರೆ ಇಲ್ಲೇನು ಕಮ್ಮಿನಾ? ಈ ಬ್ರ್ಯಾಂಪ್ಟನ್ನಲ್ಲೇ ಫ್ಯಾಮಿಲಿ ಡಾಕ್ಟ್ರಿಲ್ದೆ ಎಷ್ಟು ಜನ ಒದ್ದಾಡ್ತಿದಾರೆ!"

"ರೀಡ್ ಇಟ್ ಒನ್ಸ್, ಅಪ್ಪಾ," ಎಂದಳು ಮಗಳು. ಅವಳು ಒಂದು ಸಲ ಎಂದಳು. ಅವನು ಅದನ್ನು ಅಂದೇ ಮೂರು ಸಲ ಓದಿದ.

ಮೋಸ ಸಿಗಲಿಲ್ಲ. ಸಿಗದೇ ಹೋದದ್ದೇ ಅವನ ಅನುಮಾನಕ್ಕೆ ತುಪ್ಪ ಸುರಿಯಿತು. ಸೋಮವಾರ ಸಹಾಯವಾಣಿಗೆ ಫೋನ್ ಮಾಡಿ, ನಡುವೆ ಬಿಟ್ಟು ಬಂದರೆ ದಂಡವಿದೆಯೇ ಎಂದು ಕೇಳಿದ. ಇಲ್ಲ, ಕೆಲಸ ಮಾಡಿದ ವರ್ಷಗಳ ಮನ್ನಾ ಸಿಗುತ್ತದೆ, ಉಳಿದದ್ದು ಸಿಗುವುದಿಲ್ಲ, ಅಷ್ಟೇ ಎಂದರು. ಮಂಗಳವಾರ ದನಿ ದಪ್ಪ ಮಾಡಿಕೊಂಡು, ಗೋಪಾಲ ಎಂದು ಹೆಸರು ಹೇಳಿ ಅದನ್ನೇ ಕೇಳಿದ. ಬುಧವಾರ ವಾಸಂತಿಯ ಕೈಗೆ ಫೋನ್ ಕೊಟ್ಟು ಕೇಳಿಸಿದ. ಮೂರು ದಿನವೂ ಅದೇ ಉತ್ತರ.

"ನೋಡ್ದ್ಯಾ, ಮೂರು ಜನಾನೂ ಒಂದೇ ಮಾತು ಹೇಳ್ತಾರೆ. ಗಿಣಿಪಾಠ ಮಾಡ್ಸಿದಾರೆ," ಎಂದ.

"ಬೇರೆ ಬೇರೆ ಹೇಳಿದ್ರೆ ಸುಳ್ಳು ಅಂತಿದ್ರಿ. ನಿಮ್ ಹತ್ರ ಆ ದೇವ್ರೂ ಪಾಸಾಗಲ್ಲ ಬಿಡಿ," ಎಂದು ವಾಸಂತಿ ಒಗ್ಗರಣೆ ಸೌಟು ಕುಕ್ಕಿದಳು. ಆದರೆ ಅವಳಿಗೂ ಒಳಗೊಳಗೇ ಭಯವಿತ್ತು. ಇರುವುದೊಬ್ಬಳೇ ಮಗಳು.

ಶನಿವಾರ ಅವನು ಪಕ್ಕದ ಪೋರ್ಟ್ ಕ್ರೆಡಿಟ್ ಊರಿಗೆ ಹೋಗಿ ಉಮಾಶಂಕರರನ್ನು ಹಿಡಿದ. ಎಂಬತ್ತು ದಾಟಿದ ನಿವೃತ್ತ ಡಾಕ್ಟರು, ಕನ್ನಡ ಸಂಘದಲ್ಲಿ ಎಲ್ಲರಿಗೂ ಹಿರಿಯರು. ಎಪ್ಪತ್ತರ ದಶಕದಲ್ಲಿ ಬಂದವರೇ ಉತ್ತರದ ಒಂದು ಗಣಿ ಊರಿಗೆ ಹೋಗಿದ್ದರು. ಅಲ್ಲಿನ ಸರೋವರದಂಚಿನ ಕಾಲುದಾರಿಯಲ್ಲಿ ಕೋಲೂರಿ ನಡೆಯುತ್ತಿದ್ದ ಅವರ ಪಕ್ಕ ಪುಟ್ಟಸ್ವಾಮಿ ಸಿಐಡಿಯಂತೆ ಹೆಜ್ಜೆ ಹಾಕಿದ.

"ಅಲ್ಲಿಗೆ ಎಷ್ಟು ವರ್ಷಕ್ಕೆ ಅಂತ ಹೋಗಿದ್ರಿ, ಡಾಕ್ಟ್ರೇ?"

"ಎರಡು ವರ್ಷಕ್ಕೆ ಅಂತ."

"ಇದ್ದಿದ್ದು?"

"ಹದಿನಾಲ್ಕು ವರ್ಷ ಕಣಪ್ಪ."

ಪುಟ್ಟಸ್ವಾಮಿ ಗಕ್ಕನೆ ನಿಂತ. ಸಿಕ್ಕಿತು ಕಳ್ಳನ ಜುಟ್ಟು! "ಅಂದ್ರೆ ಅವ್ರು ಬಿಡ್ಲಿಲ್ಲ!"

"ಯಾರು ಹಿಡ್ಕೊಂಡಿದ್ರು ನನ್ನ? ಹೆರಿಗೆ ಮಾಡಿಸ್ದ ಮಗು ಸ್ಕೂಲಿಗೆ ಹೋಗೋದು ನೋಡೋಣ ಅಂದ್ಕೊಂಡೆ. ಆಮೇಲೆ ಅದ್ರ ತಂಗಿ ಹುಟ್ಟಿದ್ಲು..." ಉಮಾಶಂಕರರು ಇನ್ನೂ ಏನೇನೋ ಹೇಳಿದರು. ಪುಟ್ಟಸ್ವಾಮಿಯ ಕಿವಿ ಹದಿನಾಲ್ಕು ವರ್ಷಕ್ಕೇ ಮುಚ್ಚಿಹೋಗಿತ್ತು. ಇದೂ ಹಾಗೆಯೇ. ಐದು ವರ್ಷ ಎನ್ನುತ್ತಾರೆ, ಆಮೇಲೆ ಮಗಳು ಅಲ್ಲಿಯವಳೇ ಆಗಿಬಿಡುತ್ತಾಳೆ.

ಮನೆಗೆ ಬರುವ ದಾರಿಯಲ್ಲಿ ಅವನಿಗೆ ಉಪಾಯ ಹೊಳೆಯಿತು. ಮಗಳನ್ನು ಉತ್ತರಕ್ಕೆ ಎಳೆಯುತ್ತಿರುವುದು ಸಾಲ. ಸಾಲವೇ ಇಲ್ಲದಿದ್ದರೆ? ಆ ಸಾಲದ ವಿಷಯದಲ್ಲಿ ಅವನಿಗೊಂದು ಹಳೆಯ ನೋವೂ ಇತ್ತು. ಅವಳು ಮೆಡಿಕಲ್ ಸೇರಿದ ವರ್ಷವೇ ಅವನ ಕೆಲಸ ಹೋಗಿತ್ತು, ಅವಳು ಸಾಲದ ಅರ್ಜಿ ತುಂಬುವಾಗ ಅವನು ಎದುರು ಕೂರಲಾಗದೆ ಹಿತ್ತಲಿಗೆ ಹೋಗಿ ಹುಲ್ಲು ಕತ್ತರಿಸಿದ್ದ. ಬೇರೆ ಕೆಲಸ ಸಿಕ್ಕಮೇಲೆ ಅವಳ ಮದುವೆಗೆಂದು ವರ್ಷ ವರ್ಷ ಎತ್ತಿಟ್ಟ ಹಣ ಈಗ ಬ್ಯಾಂಕಿನಲ್ಲಿತ್ತು, ಸಾಲದ ನಂಬರು ಅವನ ಫೈಲಿನಲ್ಲಿತ್ತು. ವಾಸಂತಿಗೂ ಹೇಳಲಿಲ್ಲ. ಹಣ ಸರಿಯಾದ ಜಾಗಕ್ಕೆ ಹೋಗುತ್ತದೋ ಇಲ್ಲವೋ ಎಂದು ಮೊದಲು ಒಂದು ಡಾಲರ್ ಕಳಿಸಿದ. ಮಾರನೆಯ ದಿನ ಇನ್ನೊಂದು. ಅದರ ಮಾರನೆಯ ದಿನ ಮತ್ತೊಂದು. ಆಮೇಲೆ ಐದಾರು ಕಂತಿನಲ್ಲಿ ಉಳಿದದ್ದನ್ನೆಲ್ಲ ಕಟ್ಟಿ, ಬಹಳ ದಿನದ ಮೇಲೆ ನೆಮ್ಮದಿಯಾಗಿ ಎರಡು ಸಲ ಸಾರನ್ನ ಬಡಿಸಿಕೊಂಡು ಉಂಡ.

ಏಪ್ರಿಲ್ ಕೊನೆಯ ಭಾನುವಾರ ನಿಶಿತಾ ಬಂದವಳೇ, ಕೋಟನ್ನೂ ಬಿಚ್ಚದೆ, ಅಡುಗೆಮನೆಯ ಟೇಬಲ್ಲಿನ ಮೇಲೆ ಫೋನ್ ಇಟ್ಟಳು. ಸಾಲದ ಬಾಕಿ ಸೊನ್ನೆ ಎಂದು ಕಾಣುತ್ತಿತ್ತು.

"ಫಸ್ಟು ಮೂರು ದಿನ ಒಂದೊಂದು ಡಾಲರ್ ಬಂದಿದೆ. ಅದ್ನ ನೋಡಿದ ತಕ್ಷಣ ನೀವೇ ಅಂತ ಗೊತ್ತಾಯ್ತು."

ವಾಸಂತಿ ಇಬ್ಬರ ಮುಖ ನೋಡಿದಳು. "ಏನ್ರೀ ಮಾಡಿದ್ರಿ? ಮದುವೆ ದುಡ್ಡಾ?"

"ಅವಳ ದುಡ್ಡೇ ತಾನೇ, ಅವಳಿಗೇ ಹಾಕ್ದೆ," ಎಂದ ಪುಟ್ಟಸ್ವಾಮಿ. ಹೆಮ್ಮೆಯನ್ನು ಮುಚ್ಚಿಡಲು ಅವನಿಗೆ ಬರಲಿಲ್ಲ. "ಮುಗೀತಲ್ಲ ಪುಟ್ಟಿ. ಸಾಲಾನೂ ಇಲ್ಲ, ಮನ್ನಾನೂ ಬೇಡ. ಇನ್ನು ನೀನು ಅಲ್ಲಿಗೆ ಹೋಗೋ ದರ್ದೇ ಇಲ್ಲ."

ನಿಶಿತಾ ಕುರ್ಚಿ ಎಳೆದುಕೊಂಡು ಕೂತಳು. "ಅಪ್ಪಾ, ನಾನು ಜನವರೀಲೇ ಆ ಜಾಬ್‌ಗೆ ಸೈನ್ ಮಾಡಿದೀನಿ."

"ಮತ್ತೆ ಆ ಕಾಗದ ಯಾಕೆ ತಂದೆ?"

"ಸುಮ್ನೆ ಹೋಗ್ತೀನಿ ಅಂದ್ರೆ ನೀವು ನಂಬ್ತಿರ್ಲಿಲ್ಲ. ದುಡ್ಡು ಉಳಿಯತ್ತೆ ಅಂದ್ರೆ ಒಪ್ಕೋಬಹುದು ಅಂದ್ಕೊಂಡೆ. ಇಟ್ ವಾಸ್ ಫಾರ್ ಯೂ."

ಏನೋ ಬಚ್ಚಿಟ್ಟಿದ್ದಾರೆ ಎಂಬ ಅವನ ಅನುಮಾನ ಸುಳ್ಳಾಗಿರಲಿಲ್ಲ. ಬಚ್ಚಿಟ್ಟವರು ಸರ್ಕಾರದವರಲ್ಲ, ಅಷ್ಟೇ. ಪುಟ್ಟಸ್ವಾಮಿಗೆ ಸಿಟ್ಟು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ತಾನಾಗಿಯೇ ಇಳಿಯಲಿದ್ದ ಸಾಲವನ್ನು ಮದುವೆಯ ಹಣದಿಂದ ತೀರಿಸಿದ ಜಾಣ ತಾನು! ಆದರೂ ಬಾಯಿ ಅಭ್ಯಾಸ ಬಿಡಲಿಲ್ಲ.

"ಯಾರಿದಾನೆ ಅಲ್ಲಿ? ಯಾರೋ ಹುಡುಗ ಇರ್ಬೇಕು."

"ಇದಾರೆ. ಎಪ್ಪತ್ತಾರು ವರ್ಷ. ಬೋಟ್ ರಿಪೇರಿ ಮಾಡ್ತಾರೆ." ಅವಳು ನಗಲಿಲ್ಲ. "ಎದೆನೋವು ಬಂದ್ರೂ ಎರಡು ದಿನ ಮನೇಲೇ ಕೂತಿದ್ರು. ಬರೋ ಡಾಕ್ಟರ್ಸ್ ಎಲ್ಲಾ ಓಡಿ ಹೋಗ್ತಾರೆ, ಯಾರಿಗೆ ಹೇಳಿ ಏನು ಅಂತ. ನಾನು ಹೊರಡೋ ದಿನ, ನೀನೂ ಬರಲ್ಲ ಬಿಡು ಅಂದ್ರು. ಬರ್ತೀನಿ ಅಂದೆ. ನಂಬ್ಲಿಲ್ಲ. ಹಿ ಈಸ್ ಜಸ್ಟ್ ಲೈಕ್ ಯೂ, ಅಪ್ಪಾ."

ಮಗಳು ಫೋನನ್ನು ಕೈಗೆ ತೆಗೆದುಕೊಂಡಳು.

"ಹೆಲ್ಪ್‌ಲೈನ್‌ಗೆ ಮೂರು ಸಲ ಫೋನ್ ಮಾಡಿದ್ರಂತೆ, ಅಮ್ಮ ಹೇಳಿದ್ಲು. ಡಾಕ್ಟರ್ ಅಂಕಲ್‌ನೂ ಕೇಳಿದ್ರಿ. ನನ್ನ ಒಂದ್ಸಲಾನೂ ಕೇಳ್ಲಿಲ್ಲ."

ವಾಸಂತಿ ಒಲೆ ಆರಿಸಿ, ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಳು. ಪುಟ್ಟಸ್ವಾಮಿ ಟೇಬಲ್ಲಿನ ಮೇಲಿದ್ದ ಕಾಫಿ ಕಲೆಯನ್ನು ಬೆರಳಿನಿಂದ ಉಜ್ಜಿದ.

"ನಿಂಗೆ ಅಲ್ಲಿಗೆ ಹೋಗ್ಬೇಕು ಅಂತ ಆಸೆ ಇದ್ಯಾ, ಪುಟ್ಟಿ?"

"ಇದೆ, ಅಪ್ಪಾ."

ವಾಸಂತಿ ಎರಡನೆಯ ಸಲದ ಪ್ರಶ್ನೆಗಾಗಿ ಗಂಡನ ಮುಖ ನೋಡುತ್ತಾ ನಿಂತಳು. ಅವನು ಎದ್ದು, ಮಗಳ ಮೈಮೇಲಿದ್ದ ಕೋಟನ್ನು ಬಿಚ್ಚಿಸಿಕೊಂಡು ಗೂಟಕ್ಕೆ ಹಾಕಿ, "ಅಲ್ಲಿ ಚಳಿಗೆ ಇದು ಸಾಕಾಗಲ್ಲ, ಬೇರೆ ತರೋಣ," ಎಂದ.