ಸಾರ್ ಓದುತ್ತಿದ್ದಾರೆ

“ಮಲಗಿ ಓದ್ತೀರಾ ಸಾರ್, ಕುಂತ್ಕಂಡು ಓದ್ತೀರಾ?”

ಇಷ್ಟು ಸುಲಭದ ಪ್ರಶ್ನೆಗೆ ಇಷ್ಟು ಹೊತ್ತು ಯೋಚಿಸಬಾರದಿತ್ತು ಎಂದು ಮೂಡಲಗಿರಿಯಪ್ಪನಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಕೌಂಟರಿನ ಆಚೆ ಮೋಹನ್‌ಕುಮಾರ್ ಕೈಕಟ್ಟಿ ಕಾಯುತ್ತಿದ್ದ.

“ಎರಡೂ,” ಎಂದ ಮೂಡಲಗಿರಿಯಪ್ಪ. “ಪುಸ್ತಕ ಹೆಂಗೈತೋ ಹಂಗೆ.”

“ನಾನೂ ಅಂಗೇ ಅಂದ್ಕಂಡಿದ್ದೆ ಸಾರ್.”

ಮೋಹನ್‌ಕುಮಾರ್ ಅವನ ಹಳೆಯ ವಿದ್ಯಾರ್ಥಿ. ಚಿತ್ರದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟು ಚೆನ್ನಾಗಿ ಕುದುರಿದ್ದ. ಮೇಷ್ಟ್ರ ಸನ್ಮಾನಕ್ಕೆ, ಪರದೆಯ ಮೇಲೆ ಪುಸ್ತಕ ಓದುವ ಇ-ರೀಡರ್ ಕೊಡುವುದೆಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ತೀರ್ಮಾನಿಸಿದ್ದರು. ಸಂಜೆಯೇ ಹೊಳಲ್ಕೆರೆಯಲ್ಲಿ ಸಭೆ. ಬೆಂಗಳೂರಿನಿಂದ ಮೂರು ಬಗೆಯವನ್ನು ತರಿಸಿ, ಸಾರ್ ಓದುವ ರೀತಿಗೆ ಒಪ್ಪುವುದನ್ನು ಅವರೇ ಆರಿಸಲಿ ಎಂದು ಕರೆಸಿಕೊಂಡಿದ್ದರು. ಮೂರೂ ಗಾಜಿನ ಮೇಲೆ ಮಲಗಿದ್ದವು: ಜೇಬಿಗೆ ಹಿಡಿಸುವ ಪುಟ್ಟದು, ಬದಿಯಲ್ಲಿ ಪುಟ ತಿರುಗಿಸುವ ಗುಂಡಿಯಿರುವ ಮಧ್ಯಮದ್ದು, ಪೆನ್ನಿನಿಂದ ಗೀಚಬಹುದಾದ ದೊಡ್ಡದು.

“ಒಂದ್ಸಲಕ್ಕೆ ಒಂದೇ ಪುಸ್ತಕ ಓದ್ತೀರೋ?”

“ಒಂದೇ ಓದಿದ್ರೆ ಅದು ಓದೇನಪ್ಪ? ನಾಲ್ಕೈದು ಜೊತೇಲೇ ನಡೀತಿರ್ತವೆ.”

“ಗೆರೆ ಎಳೀತೀರಾ?”

“ಎಳೀದೆ ಹೆಂಗೆ ಓದ್ತಾರೆ?”

ಮೋಹನ್‌ಕುಮಾರನ ಕಣ್ಣು ಹೊಳೆಯಿತು. ಒಂದೊಂದು ಉತ್ತರಕ್ಕೂ ಅವನ ಕೈ ಪುಟ್ಟದರಿಂದ ದೊಡ್ಡದರ ಕಡೆಗೆ ಸರಿಯುತ್ತಿತ್ತು. ಮೂಡಲಗಿರಿಯಪ್ಪನಿಗೂ ಹುರುಪು ಬಂತು. ಎಂಥ ಓದುಗನ ಬಗ್ಗೆ ಹೇಳುತ್ತಿದ್ದೇನೆ ನಾನು! ಅಂಥವನೊಬ್ಬನ ಪರಿಚಯವಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು.

ಅವನು ಪುಸ್ತಕವೊಂದನ್ನು ಕೊನೆಯವರೆಗೆ ಓದಿ ಎಷ್ಟೋ ವರ್ಷಗಳಾಗಿದ್ದವು. ಯಾವಾಗ ನಿಂತಿತೆಂದು ಅವನಿಗೇ ತಿಳಿಯದು. ಕಣ್ಣು ಸಾಲಿನ ಮೇಲೆ ಹೋಗುತ್ತಿತ್ತು, ಮನಸ್ಸು ಬರುತ್ತಿರಲಿಲ್ಲ. ಮೊದಮೊದಲು ಕನ್ನಡಕ ಬದಲಿಸಿದ. ಆಮೇಲೆ ಕುರ್ಚಿ ಬದಲಿಸಿದ. ಕೊನೆಗೆ ಮುನ್ನುಡಿ, ಬೆನ್ನುಡಿ ಓದಿ ಮಾತಾಡುವುದನ್ನು ಕಲಿತ. ಅದರಲ್ಲಿ ಎಷ್ಟು ಪಳಗಿದನೆಂದರೆ, ಪೂರ್ತಿ ಓದಿದವರೇ ಅವನ ಮುಂದೆ ಮಾತಾಡಲು ಹಿಂಜರಿಯುತ್ತಿದ್ದರು. ಹೆಂಡತಿ ಸುಮಿತ್ರಾಗೆ ಮಾತ್ರ ಗೊತ್ತಿತ್ತು. ಆಕೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ಅವನ ಮುಂದೆಯೂ.

ಹಾರ, ತುರಾಯಿ ಬೇಡ, ಪುಸ್ತಕ ಕೊಡಿ ಎಂಬ ಪದ್ಧತಿಯನ್ನು ಹೊಳಲ್ಕೆರೆಯ ಕಾಲೇಜಿನಲ್ಲಿ ಶುರು ಮಾಡಿದವನೇ ಅವನು. ಆಗ ಅಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ. ಪದ್ಧತಿ ಗೇಟು ದಾಟಿ ಮದುವೆ, ಗೃಹಪ್ರವೇಶ, ಸೊಸೈಟಿ ಚುನಾವಣೆಯ ಅಭಿನಂದನೆಯವರೆಗೂ ಹಬ್ಬಿತು. ತಾಲೂಕಿನಲ್ಲಿ ಪುಸ್ತಕಗಳು ಕೈಯಿಂದ ಕೈಗೆ ಓಡಾಡಿದವು. ಯಾರೂ ಬಿಡಿಸಿ ನೋಡಲಿಲ್ಲ, ಅಷ್ಟೆ. ಒಮ್ಮೆ ಹೊಸದುರ್ಗದ ಸಭೆಯಲ್ಲಿ ತನಗೆ ಕೊಟ್ಟ ಪುಸ್ತಕದ ಕಾಗದ ಹರಿದರೆ ಒಳಗೆ ತನ್ನದೇ ಅಕ್ಷರ: ‘ಪ್ರೀತಿಯಿಂದ, ಮೂಡಲಗಿರಿಯಪ್ಪ.’ ಯಾರಿಗೋ ತಾನು ಕೊಟ್ಟದ್ದು ಹತ್ತಾರು ಮನೆ ಸುತ್ತಿ ಮರಳಿತ್ತು. ಹೊಸ ಪುಸ್ತಕದ ವಾಸನೆ ಇನ್ನೂ ಹೋಗಿರಲಿಲ್ಲ. ನಗು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಕೊಡುವ ಮುಂಚೆ ತಾನೂ ಅದನ್ನು ಓದಿರಲಿಲ್ಲ.

“ಇಲ್ನೋಡ್ರಿ ಸಾರ್, ಇದು ಭಾಳ ಚೆನ್ನಾಗೈತೆ,” ಎಂದು ಮೋಹನ್‌ಕುಮಾರ್ ಪರದೆಯ ಕೆಳತುದಿಗೆ ಬೆರಳಿಟ್ಟ. “ಎಷ್ಟು ಓದಿದೀರಿ ಅಂತ ಪರ್ಸೆಂಟ್ ಬರ್ತದೆ.”

“ಯಾರಿಗೆ?”

“ನಿಮಗೆ. ಆಮೇಲೆ ನಮಗೂ.”

ಮೂಡಲಗಿರಿಯಪ್ಪ ಕನ್ನಡಕ ಮೇಲೆತ್ತಿ ಪರದೆಯ ಕೆಳತುದಿಯನ್ನೇ ನೋಡಿದ.

“ನಮ್ ಕಾಲೇಜಿನ ಯಶೋಧಾ ಮೇಡಂ ಮಾಡಿದ ಪ್ಲಾನು ಸಾರ್. ನೀವು ಓದಿದ್ದನ್ನೇ ನಾವೆಲ್ಲ ನಿಮ್ಮ ಹಿಂದೆ ಹಿಂದೆ ಓದಾದು. ನೀವು ಎಲ್ಲಿದೀರಿ ಅಂತ ನಮ್ ಫೋನಾಗೆ ಕಾಣ್ತತೆ.”

“ಅದು ಬ್ಯಾಡ ಅಂದ್ರೆ?”

“ಯಾಕ್ ಬ್ಯಾಡ ಸಾರ್?” ಮೋಹನ್‌ಕುಮಾರ್ ನಿಜವಾಗಿ ಕಂಗಾಲಾದ. “ಎಲ್ರೂ ಅದಕ್ಕೇ ಕಾಯ್ಕಂಡವ್ರೆ.”

ಕಾಗದದ ಪುಸ್ತಕ ಎಷ್ಟು ಒಳ್ಳೆಯದು! ಎಂದೂ ಚಾಡಿ ಹೇಳಿದ್ದಿಲ್ಲ. ಕಪಾಟಿನಲ್ಲಿ ನಿಲ್ಲಿಸಿದರೆ ಓದಿದ್ದೂ ಓದದ್ದೂ ಒಂದೇ ಬೆನ್ನು ತೋರಿಸಿಕೊಂಡು ನಿಂತಿರುತ್ತವೆ. ಈ ತೆಳ್ಳಗಿನ ಬೂದು ಹಲಗೆ ಎಲ್ಲರೆದುರು ಅವನ ಅಳತೆ ತೆಗೆಯಲು ಹೊರಟಿತ್ತು.

ಈಗಲೇ ಹೇಳಿಬಿಡಬಹುದಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಓದೋದು ಬಿಟ್ಟು ಭಾಳ ಕಾಲವಾಯ್ತು ಕಣಪ್ಪ ಮೋಹನ, ಒಂದು ಒಳ್ಳೇ ರೇಡಿಯೋ ಕೊಡಿಸ್ರಿ ಸಾಕು. ಮಾತು ನಾಲಗೆಯವರೆಗೂ ಬಂತು. ಅದು ಎಷ್ಟು ಹಗುರವಾಗಿದೆಯೆಂದು ಅವನಿಗೇ ಆಶ್ಚರ್ಯವಾಯಿತು.

“ಮೋಹನ...”

ಅಷ್ಟರಲ್ಲಿ ಚಾರ್ಜರ್ ಕೊಳ್ಳಲು ಭೀಮಸಮುದ್ರದ ಚಿಕ್ಕತಿಮ್ಮಪ್ಪ ಎಂಬ ಗಿರಾಕಿ ಒಳಗೆ ಬಂದ. ಮೋಹನ್‌ಕುಮಾರ್ ತಡೆಯಲಾರದೆ ಹೇಳಿದ: “ಬರ್ರಿ ಯಜಮಾನ್ರೇ. ಇವ್ರು ನಮ್ ಸಾರ್. ಇವ್ರು ಓದಿದಷ್ಟು ಈ ಜಿಲ್ಲೆಯಾಗೆ ಯಾರೂ ಓದಿಲ್ಲ.”

ಚಿಕ್ಕತಿಮ್ಮಪ್ಪ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಕೈಮುಗಿದ. ಮೊಬೈಲ್ ಅಂಗಡಿಯಲ್ಲಿ ಚಪ್ಪಲಿ ಬಿಡುವವರನ್ನು ಮೂಡಲಗಿರಿಯಪ್ಪ ಹಿಂದೆಂದೂ ಕಂಡಿರಲಿಲ್ಲ.

ಮೂಡಲಗಿರಿಯಪ್ಪ ಹುಡುಗನಾಗಿದ್ದಾಗ, ಐಮಂಗಲದ ಹತ್ತಿರದ ಅವನ ಹಟ್ಟಿಗೆ ಲಗ್ನಪತ್ರಿಕೆ ಬಂದಾಗಲೆಲ್ಲ ಅವನನ್ನೇ ಕರೆದು ಓದಿಸುತ್ತಿದ್ದರು. ತಪ್ಪಿಲ್ಲದೆ ಓದಿದರೆ ಕೊಬ್ಬರಿ, ಬೆಲ್ಲ. ಕುರಿ ಕಾಯುತ್ತಿದ್ದ ಅಪ್ಪ ಅಷ್ಟು ದೂರದಲ್ಲಿ ನಿಂತು, ಮಗನ ಕಡೆ ನೋಡದವನಂತೆ, ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಅಂದು ಎದೆ ಉಬ್ಬಿದ ರೀತಿಯಲ್ಲೇ ಇವತ್ತೂ ಉಬ್ಬಿತು. ಓದು ಹೋದರೂ ಹೆಮ್ಮೆ ಒಂದಿಷ್ಟೂ ಸವೆಯದೆ ಉಳಿದಿದೆಯಲ್ಲ! ಅವನು ಚಿಕ್ಕತಿಮ್ಮಪ್ಪನಿಗೆ ತಲೆಬಾಗಿ ನಮಸ್ಕರಿಸಿದ.

“ಏನೋ ಅಂದ್ರಲ್ಲ ಸಾರ್?”

“ಗುಂಡಿ ಇರೋದೇ ಇರ್ಲಿ ಅಂದೆ.”

“ದೊಡ್ಡದು ಬ್ಯಾಡವಾ? ಗೆರೆ ಎಳೀತೀನಿ ಅಂದ್ರಿ.”

“ವಯಸ್ಸಾಯ್ತಪ್ಪ. ಇನ್ನು ಮನಸ್ಸಿನಾಗೇ ಎಳ್ಕಳಾದು.”

ಅದನ್ನೂ ಮೋಹನ್‌ಕುಮಾರ್ ದೊಡ್ಡ ಮಾತೆಂದು ಬಗೆದು, ಚಿಕ್ಕತಿಮ್ಮಪ್ಪನ ಮುಖ ನೋಡಿದ. ಒಂದು ದಪ್ಪ ಕಾದಂಬರಿಯನ್ನು ಅದರೊಳಕ್ಕೆ ತುಂಬಿಸಿ, “ಕೈ ಪಳಗ್ಲಿ ಸಾರ್, ಈಗ್ಲೇ ತಗಂಡು ಹೋಗ್ರಿ. ಸಂಜೆ ಸ್ಟೇಜ್ ಮ್ಯಾಲೆ ಇನ್ನೊಂದ್ಸಲ ಕೊಡ್ತೀವಿ,” ಎಂದ.

ಹೊಳಲ್ಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಮೂಡಲಗಿರಿಯಪ್ಪ ನಿಜವಾಗಿಯೂ ಓದಲು ಹೊರಟ. ಯಾರಿಗೆ ಗೊತ್ತು, ಹೊಸ ವಸ್ತುವಿನಲ್ಲಿ ಹಳೆಯ ಚಟ ಮರಳಿದರೂ ಮರಳೀತು. ಮೊದಲ ವಾಕ್ಯ ಓದಿದ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತುಹೋಗಿತ್ತು. ಮತ್ತೆ ಓದಿದ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮತ್ತೆ ಓದಿದ. ಅಕ್ಷರಗಳೆಲ್ಲ ಪರಿಚಯದವೇ, ಆದರೆ ಒಂದೂ ಅವನನ್ನು ಮಾತಾಡಿಸಲಿಲ್ಲ. ಅವನಿಗೆ ಭಯವಾಯಿತು. ಇಷ್ಟು ವರ್ಷ ಬೇಕೆಂದೇ ಓದುತ್ತಿಲ್ಲ ಎಂದುಕೊಂಡಿದ್ದ. ಬೇಕೆಂದರೂ ಆಗುವುದಿಲ್ಲ ಎಂಬುದು ಈಗ ತಿಳಿದದ್ದು.

ಹೆಬ್ಬೆರಳು ತಾನಾಗಿ ಗುಂಡಿ ಒತ್ತಿತು. ಪುಟ ತಿರುಗಿತು. ಮತ್ತೆ ಒತ್ತಿದ. ಕೆಳಗೆ ಅಂಕಿ ಏರಿತು. ಎಷ್ಟು ಸಲೀಸು! ಕಣ್ಣು ಕಿರಿದು ಮಾಡಿ, ಆಗಾಗ ತಲೆದೂಗಿ, ಓದುವವರಿಗೆ ಬೇಕಾದಷ್ಟು ಹೊತ್ತು ಬಿಟ್ಟು ಬಿಟ್ಟು ಒತ್ತಿದ. ಪಕ್ಕದಲ್ಲಿದ್ದವನು ಮೊಣಕೈ ಒಳಗೆ ಎಳೆದುಕೊಂಡು ಜಾಗ ಬಿಟ್ಟ.

ಸಭೆಗೆ ಜನ ಕಿಕ್ಕಿರಿದಿದ್ದರು. ಹೂವಿನ ಹಾರದ ಒಂದು ಎಸಳೂ ಇರಲಿಲ್ಲ. ಅವನ ಮೇಲಿನ ಗೌರವಕ್ಕೆ ಎಲ್ಲರೂ ಪುಸ್ತಕ ತಂದಿದ್ದರು. ಶಾಲು ಹೊದಿಸಿ, ಇ-ರೀಡರನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಅವನ ಕೈಗಿತ್ತರು. ಸಭೆ ನಡೆಸುತ್ತಿದ್ದ ಯಶೋಧಾ, ಅವನ ಜಾಗದಲ್ಲೇ ಈಗ ಪಾಠ ಹೇಳುವವಳು, ಮೈಕಿನ ಮುಂದೆ ಫೋನ್ ಎತ್ತಿ ಹಿಡಿದಳು.

“ಮಧ್ಯಾಹ್ನ ತಗಂಡ್ರು. ಆಗ್ಲೇ ನಲವತ್ತು ಪರ್ಸೆಂಟ್!”

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಮುಂದಿನ ಸಾಲಿನಲ್ಲಿದ್ದ ಸುಮಿತ್ರಾ ಸೀರೆಯ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಮೂಡಲಗಿರಿಯಪ್ಪ ಎದ್ದು ಎಲ್ಲರಿಗೂ ಕೈಮುಗಿದ. ಸುಳ್ಳೆಂದು ಗೊತ್ತಿದ್ದೂ ಇಷ್ಟು ಸಂತೋಷವಾಗಬಹುದೇ? ಆಗಿತ್ತು.

ಭಾಷಣಗಳು ಶುರುವಾದವು. ಹೊಗಳಿಕೆಯನ್ನು ಮುಖವೆತ್ತಿ ಕೇಳಲಾರದೆ ಅವನು ತಲೆ ತಗ್ಗಿಸಿ ಗುಂಡಿ ಒತ್ತತೊಡಗಿದ. ಭಾಗವೊಂದು ಮುಗಿದು, ಬಿಳಿಯ ಖಾಲಿ ಪುಟ ಬಂತು. ಒತ್ತಿದ. ಪುಟ ಕದಲಲಿಲ್ಲ, ಯಂತ್ರ ಅಲ್ಲೇ ನಿಂತುಬಿಟ್ಟಿತ್ತು. ಇನ್ನೊಂದು ಸಲ ಒತ್ತಿದ. ಕೆಳಗಿನ ಅಂಕಿಯೂ ಮಾಯವಾಗಿತ್ತು.

ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿದರು. “ನೋಡ್ರಿ,” ಎಂದರು ಮೆಲ್ಲಗೆ, “ನಾವು ಒದರ್ತಾ ಇದ್ದೀವಿ, ಸಾರ್ ಓದ್ತಾ ಅವ್ರೆ.”

ಹಿಂದಿನಿಂದ ಯಾರೋ ಶ್ ಎಂದರು. ಫ್ಯಾನುಗಳನ್ನು ಆರಿಸಿದರು. ಬಾಗಿಲಲ್ಲಿ ನಿಂತವರು ಅಲುಗಾಡುವುದನ್ನು ಬಿಟ್ಟರು. ಸಾರ್ ಪುಟ ಮುಗಿಸಲಿ ಎಂದು ಸಭೆಗೆ ಸಭೆಯೇ ಉಸಿರು ಬಿಗಿಹಿಡಿದು ಕಾಯಿತು. ಆ ಮೌನದಲ್ಲಿ, ಖಾಲಿ ಪುಟದ ಮೇಲೆ ಬಾಗಿದ ಮೂಡಲಗಿರಿಯಪ್ಪ, ಇಲ್ಲದ ಸಾಲುಗಳ ಮೇಲೆ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ಕಣ್ಣಾಡಿಸುತ್ತಲೇ ಇದ್ದ.