ಎರಡೂ ಮಸುಕು

ಹನ್ನೊಂದು ಕಾಲೇಜಿಗೆ ಅರ್ಜಿ ಹಾಕುತ್ತೇನೆಂದು ರೇಡಿಯೊ ಹೇಳಿದಾಗ, ಅವಳಮ್ಮ ಕನ್ನಡಕದ ತಿರುಪು ಬಿಗಿಯುವುದನ್ನು ಬಿಟ್ಟು ತಲೆಯೆತ್ತಿದಳು.

"ಎರಡು ದೋಣಿ ಮೇಲೆ ಕಾಲಿಟ್ಟೋರ ಗತಿ ಏನಾಗುತ್ತೆ ಅಂತ ಗೊತ್ತಲ್ಲ? ನೀನು ಹನ್ನೊಂದು ದೋಣಿ ಹತ್ತೋಕೆ ಹೊರಟಿದೀಯ. ಇರೋದು ಎರಡೇ ಕಾಲು ಕಣೇ!"

ರೇಡಿಯೊ ಎಂದರೆ ಈ ಕನ್ನಡಕದಂಗಡಿಯವರ ಒಬ್ಬಳೇ ಮಗಳು. ಕಿವಿ ತಿರುಚಿದರೂ ಮಾತು ನಿಲ್ಲಿಸದವಳೆಂದು ಅಜ್ಜ ಇಟ್ಟ ಹೆಸರು. ಅಂಥವಳ ಬಾಯಿಗೂ ಒಂದು ವಿಷಯದಲ್ಲಿ ಬೀಗ ಬಿದ್ದಿತ್ತು. ಆ ಹನ್ನೊಂದೂ ಕಣ್ಣು ಪರೀಕ್ಷೆ ಕಲಿಸುವ ಕಾಲೇಜುಗಳು. ಮುಂದೆ ಅಂಗಡಿ ಮಗಳದ್ದೇ ಎಂದು ಅಪ್ಪ ಬಂದ ಗಿರಾಕಿಗಳಿಗೆಲ್ಲ ಡಂಗುರ ಸಾರಿಯಾಗಿತ್ತು. ಇವಳಿಗೋ ಓದಬೇಕೆಂದಿದ್ದದ್ದು ಪಶುವೈದ್ಯಕೀಯ. ಹೇಳಿದರೆ ಅಪ್ಪನ ಮುಖ ಬಾಡುತ್ತದೆ, ಹೇಳದಿದ್ದರೆ ತನ್ನ ಬದುಕೇ ಬಾಡುತ್ತದೆ. ಅದಕ್ಕೇ ಕಳ್ಳಿ ಪಟ್ಟಿಗೆ ದಿನಕ್ಕೊಂದು ಕಾಲೇಜು ಸೇರಿಸುತ್ತ ಕಾಲ ತಳ್ಳುತ್ತಿದ್ದಳು.

"ಬಾ ಇಲ್ಲಿ, ಈಗಲೇ ತೀರ್ಮಾನ ಮಾಡೋಣ," ಎಂದು ಅಪ್ಪ ಒಳಕೋಣೆಗೆ ಕರೆದು, ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲೇ ಅವಳನ್ನು ಕೂರಿಸಿದ. ಗಿರಾಕಿಯನ್ನು ಯಾವುದು ಬೇಕೆಂದು ಕೇಳಬಾರದು, ಎರಡೆರಡೇ ಗಾಜು ಹಿಡಿದು ಇದಾ, ಅದಾ ಎನ್ನಬೇಕು, ಮೀನಮೇಷ ಎಣಿಸಲು ಬಿಡಬಾರದು. ಇದು ಅವನ ಕಸುಬಿನ ಮೊದಲ ಪಾಠ.

"ಬೆಟ್ಟದ ಹತ್ರ ಇರೋ ಕಾಲೇಜಾ, ನದಿ ಪಕ್ಕದ್ದಾ?"

"ಉಂ... ಎರಡೂ ಒಂದೇ ಥರ."

"ಒಳ್ಳೇ ಹಾಸ್ಟೆಲ್ ಇರೋದಾ, ಹೊಸ ಮೆಷಿನ್ ಇರೋದಾ?"

"ಎರಡೂ ಮಸುಕು, ಅಪ್ಪ."

ಹುಟ್ಟಿದಾಗಿನಿಂದ ಈ ಕೋಣೆಯಲ್ಲಿ ಗಿರಾಕಿಗಳ ಬಾಯಲ್ಲಿ ಕೇಳಿದ ಮಾತು, ಬಾಯಿತಪ್ಪಿ ಬಂದುಬಿಟ್ಟಿತು. ಅಪ್ಪ ಅಭ್ಯಾಸದಂತೆ ಒಂದು ಗಾಜನ್ನು ಕೈಗೆತ್ತಿಕೊಂಡ. ಎರಡೂ ಮಸುಕು ಎಂದ ಗಿರಾಕಿಯನ್ನು ಅವನು ಎಂದೂ ಗದರಿದವನಲ್ಲ. ಗಾಜುಗಳಿದ್ದ ಪೆಟ್ಟಿಗೆಯನ್ನೇ ಬದಲಿಸುತ್ತಿದ್ದ.

"ಹಂಗಾದ್ರೆ ನಾನು ತೆಗೆದಿರೋ ಪೆಟ್ಟಿಗೇನೇ ತಪ್ಪು. ಸರಿಯಾದ್ದು ಯಾವುದು, ಹೇಳು ಮಗಳೇ."

"ದನ, ಕುದುರೆ, ನಾಯಿ... ಅವುಗಳ ಡಾಕ್ಟರ್ ಆಗ್ಬೇಕು ನಾನು."

ಅಪ್ಪನಿಗೆ ಬೇಸರವಾಯಿತು, ಸುಳ್ಳೇಕೆ ಹೇಳಬೇಕು? ಕೈಯಲ್ಲಿದ್ದ ಗಾಜನ್ನು ಒರೆಸಿದ್ದನ್ನೇ ಒರೆಸಿದ. ಅಷ್ಟರಲ್ಲಿ ಹೊರಗಿನಿಂದ ಅಮ್ಮನ ದನಿ ಬಂತು.

"ಬೀದಿ ನಾಯಿ ಕಾಲಿಗೆ ಪಟ್ಟಿ ಕಟ್ಟೋಕೆ ನನ್ನ ಹೊಸ ಟವೆಲ್ ಹರಿದಾಗಲೇ ನನಗೆ ಗೊತ್ತಾಗಿತ್ತು! ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಕಾಯ್ತಾ ಇದ್ದೆ."

"ಅಂಗಡಿ ಗತಿ ಏನಪ್ಪ?" ರೇಡಿಯೊ ಮೆಲ್ಲಗೆ ಕೇಳಿದಳು.

"ಅಂಗಡಿಗೇನು ಧಾಡಿ? ನಾನೇನು ನಾಳೇನೇ ಸಾಯ್ತೀನಾ?" ಎಂದು ಅಪ್ಪ ನಕ್ಕೇಬಿಟ್ಟ. "ಅಂಥ ಕಾಲೇಜು ಎಷ್ಟಿವೆ?"

"ಮೂರೇ ಮೂರು."

"ಮೂರಕ್ಕೂ ಹಾಕು. ಮೊದಲನೇ ಆಯ್ಕೆ ಯಾವುದು? ಹಳೇ ಹೆಸರುವಾಸಿಯಾದ್ದಾ, ದೊಡ್ಡ ಆಸ್ಪತ್ರೆ ಇರೋ..."

"ಆಸ್ಪತ್ರೆ ಇರೋದು! ಅಲ್ಲಿ ಮೊದಲನೇ ವರ್ಷದಿಂದಲೇ ಕೊಟ್ಟಿಗೆಗೆ ಬಿಡ್ತಾರಂತೆ, ಕರು ಹಾಕೋವಾಗ ರಾತ್ರಿಯೆಲ್ಲ ಕಾಯ್ಬೇಕಂತೆ, ಕುದುರೆ ಹಲ್ಲು ನೋಡೋಕೆ ಬೇರೆ..." ಕಟ್ಟೆಯೊಡೆದ ನೀರಿಗೆ ಅಡ್ಡ ನಿಲ್ಲುವವರು ಯಾರು? ಅಮ್ಮ ಬಾಗಿಲಲ್ಲಿ ನಿಂತು ಬಾಯ್ತುಂಬ ನಕ್ಕಳು.

"ಸ್ವಲ್ಪ ಉಸಿರು ತಗೋ," ಎಂದ ಅಪ್ಪ. "ನನ್ನ ಗಿರಾಕಿಗಳು ಮಸುಕು ಅಂತ ಬಾಯಿಬಿಟ್ಟು ಹೇಳ್ತಾರೆ. ನಿನ್ನೋರು ಮೂಕ ಪ್ರಾಣಿಗಳು. ಎಲ್ಲಿ ನೋವು ಅಂತ ಹೇಗೆ ತಿಳ್ಕೋತೀಯ?"

"ಮುಖ ನೋಡಿದ್ರೆ ಗೊತ್ತಾಗುತ್ತೆ ಅಪ್ಪ."

ಅಪ್ಪ ಗಾಜನ್ನು ಕೆಳಗಿಟ್ಟ. ಸ್ಟೂಲನ್ನು ಕುರ್ಚಿಯ ಹತ್ತಿರ ಎಳೆದುಕೊಂಡು, ಮಗಳ ಗಲ್ಲ ಹಿಡಿದು, ದೀಪವಿಲ್ಲದೆ, ಗಾಜಿಲ್ಲದೆ ಅವಳ ಮುಖವನ್ನು ತುಂಬ ಹೊತ್ತು ನೋಡಿದ.